ಅಜ್ಜನ ದುಡಿ ಪಾಟ್ ರೆಕಾರ್ಡ್ ಮಾಡ್ಬೇಕು, ರೂಮಿಗೆ ಫೋಮ್ ಹಾಕಿಸ್ಬೇಕಾ?

ನಾಪೋಕ್ಲು ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಜ್ಜಂಗೆ ಈಗ 81. ಅವರು, ಅವರ ತಮ್ಮ ಅಂದ್ರೆ ನನ್ನ ಚಿಕ್ಕಜ್ಜ, ಪಕ್ಕದ ಮನೆಯ ಇಬ್ಬರು, ಹೀಗೆ ನಾಲ್ಕು ಜನ ಸೇರಿ ದುಡಿಕೊಟ್ಟ್ ಪಾಟ್ ಹೇಳ್ತಾರೆ, ಅಂದ್ರೆ ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಾರಿಸ್ತಾ ಹೇಳೋ ನಮ್ಮ ಕೊಡವ ಹಾಡು. ಪುತ್ತರಿ ಅಂದ್ರೆ ನಮ್ಮ ಸುಗ್ಗಿ ಹಬ್ಬಕ್ಕೆ, ಮದುವೆ ಮನೆಗೆ ಎಲ್ಲಾ ಕಡೆ ಇವರನ್ನೇ ಕರೀತಾರೆ. ಹೋದ ಪುತ್ತರಿಲಿ ಅಜ್ಜಂಗೆ ನಡುವೆ ಉಸಿರು ಕಟ್ಟಿ ಒಂದು ಸಾಲು ಬಿಟ್ಟೋಯ್ತು, ಚಿಕ್ಕಜ್ಜ ಹಿಡ್ಕೊಂಡು ಮುಂದೆ ಹೇಳಿದ್ರು. ಅವತ್ತಿಂದ ನಂಗೆ ಇದೇ ಯೋಚನೆ, ನಾಲ್ಕೂ ಜನ ಗಟ್ಟಿ ಇರುವಾಗ್ಲೇ ಪೂರ್ತಿ ಪಾಟ್ ಒಳ್ಳೆ ರೀತೀಲಿ ರೆಕಾರ್ಡ್ ಮಾಡಿ ಇಡ್ಬೇಕು.

ಮಾಳಿಗೆ ಮೇಲೆ ಒಂದು ರೂಮು ಖಾಲಿ ಇದೆ, 10 ಅಡಿ 12 ಅಡಿ, ಎತ್ತರ 9. ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಫೋನಲ್ಲಿ ಒಂದ್ಸಲ ರೆಕಾರ್ಡ್ ಮಾಡಿ ನೋಡ್ದೆ, ಬಚ್ಚಲಮನೇಲಿ ಹಾಡಿದ ಹಾಗೆ ಬಂತು. ದುಡಿ ಏಟು ಕಿವಿಗೆ ಚುಚ್ಚತ್ತೆ, ಪದ ಒಂದೂ ಗೊತ್ತಾಗಲ್ಲ. ಅಂಗಡಿಲಿ ಕೇಳಿದ್ದಕ್ಕೆ ನಾಲ್ಕೂ ಗೋಡೆಗೆ ಒಂದಿಂಚು ಫೋಮ್ ಅಂಟಿಸ್ಬೇಕು, 18,000 ಆಗತ್ತೆ ಅಂದ್ರು. ನನ್ನತ್ರ ಇರೋದು ಮೆಣಸು ಮಾರಿದ ದುಡ್ಡು 30,000, ಅದರಲ್ಲೇ ಮೈಕೂ ಬರ್ಬೇಕು. ಏನ್ ಮಾಡ್ಲಿ?

ವಿರಾಜಪೇಟೆ ಕೀಬೋರ್ಡ್:
ಫೋಮ್ ಹಾಕ್ಸಿ ಬ್ರೋ. ನಾನು ಹಾಕ್ಸಿದೀನಿ, ವೋಕಲ್ ಕ್ಲೀನ್ ಆಗಿ ಬರತ್ತೆ. ಮಿಕ್ಕ ದುಡ್ಡಲ್ಲಿ ಒಂದು ಕಂಡೆನ್ಸರ್ ಮೈಕ್ ತಗೊಳ್ಳಿ.

ಹಳೇ ಕ್ಯಾಸೆಟ್:
ತಮ್ಮಾ, ಆ 18,000 ಇವತ್ತೇ ಕೊಡ್ಬೇಡ, ಎರಡು ದಿನ ತಡಿ. ನಾನು ಗೋಣಿಕೊಪ್ಪದಲ್ಲಿ ಕ್ಯಾಸೆಟ್ ಕಾಲದಿಂದ ಮೈಕು, ರೆಕಾರ್ಡಿಂಗ್ ಕೆಲಸ ಮಾಡ್ತಾ ಬಂದವನು. ಈ ಫೋಮಿಗೆ ದುಡ್ಡು ಸುರಿದು ಆಮೇಲೆ ಕಿತ್ತು ಬಿಸಾಕಿದವರನ್ನ ಬೇಕಾದಷ್ಟು ನೋಡಿದೀನಿ.

ಮೊದಲು ಎರಡು ಕೆಲಸನ ಬೇರೆ ಮಾಡ್ಕೋ. ಹೊರಗಿನ ಸದ್ದು ಒಳಗೆ ಬಾರದ ಹಾಗೆ ತಡೆಯೋದು ಒಂದು. ಒಳಗೆ ಹಾಡಿದ್ದು ಗೋಡೆಗೆ ಬಡಿದು ವಾಪಸ್ ಬರೋದನ್ನ ಹದ ಮಾಡೋದು ಇನ್ನೊಂದು. ಫೋಮು ಮೊದಲನೇದನ್ನ ಮಾಡೋದೇ ಇಲ್ಲ, ಎರಡನೇದನ್ನ ಅರ್ಧ ಮಾತ್ರ ಮಾಡತ್ತೆ. ಯಾಕೆ ಅಂದ್ರೆ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಹಾಗಾಗಿ 1000 ಹರ್ಟ್ಸ್ ಅಂದ್ರೆ ಸೆಕೆಂಡಿಗೆ 1000 ಸಲ ಅಲ್ಲಾಡೋ ಸ್ವರದ ಅಲೆ 34 ಸೆಂಟಿಮೀಟರ್ ಉದ್ದ, 100 ಹರ್ಟ್ಸಿಂದು ಮೂರೂವರೆ ಮೀಟರ್ ಹತ್ರ. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಅಲ್ಲಾಡಕ್ಕೇ ಆಗಲ್ಲ, ಗೋಡೆಯಿಂದ ಅಲೆಯ ಕಾಲುಭಾಗ ದೂರದಲ್ಲಿ ಅದು ಜೋರಾಗಿ ಅಲ್ಲಾಡೋದು, ಹತ್ತಿ ಆಗ್ಲಿ ರಾಕ್‌ವೂಲ್ ಅನ್ನೋ ಕಲ್ಲಿನ ನಾರಿನ ಹಾಸು ಆಗ್ಲಿ ಗಾಳಿ ಅಲ್ಲಾಡೋ ಜಾಗದಲ್ಲಿ ಇದ್ರೇನೇ ಸದ್ದನ್ನ ತಿನ್ನೋದು. ಒಂದಿಂಚು ಫೋಮು 2000 ಹರ್ಟ್ಸ್ ಮೇಲಿಂದನ್ನ ಚೆನ್ನಾಗಿ ತಿಂದು ಹಾಕತ್ತೆ, ಕೆಳಗಿಂದು ಹಾಗೇ ಉಳಿಯತ್ತೆ. ಅಂದ್ರೆ ಪದದ ಸ, ಶ, ತ, ಕ ಎಲ್ಲಾ ಮಂಕಾಗಿ ಗುಂಯ್ ಅನ್ನೋದು ಮಾತ್ರ ಉಳಿಯತ್ತೆ, ಕಂಬಳಿ ಹೊದ್ಕೊಂಡು ಬಾವಿಯೊಳಗೆ ಹಾಡಿದ ಹಾಗೆ.

ನಿನ್ನ ರೂಮಿನ ಅಳತೆಗೆ ಲೆಕ್ಕ ಹಾಕಿದ್ರೆ 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56, 9 ಅಡಿಗೆ 62, ಈ ಸ್ವರಗಳು ಎದುರುಬದುರು ಗೋಡೆ ನಡುವೆ ನಿಂತ್ಕೊಂಡು ಬಿಡ್ತಾವೆ. ಅದರ ಎರಡರಷ್ಟು ಅಂದ್ರೆ 94, 112, 125. ಗಂಡಸರ ಗಂಟಲು ಶುರುವಾಗೋದೇ ಅಲ್ಲಿ. ಅಜ್ಜ ಒಂದು ಸ್ವರ ಹಿಡಿದಾಗ ರೂಮೇ ಜೊತೆಗೆ ಗುನುಗತ್ತೆ, ಪಕ್ಕದ ಸ್ವರಕ್ಕೆ ಹೋದ್ರೆ ಸುಮ್ಮನಾಗತ್ತೆ. ಇದನ್ನ ಮೈಕು ಬದಲಾಯಿಸಿ ಸರಿ ಮಾಡಕ್ಕಾಗಲ್ಲ.

ಮೊಟ್ಟೆ ಟ್ರೇ ಬಗ್ಗೆ ಯಾರೂ ಹೇಳೋದೇ ಬೇಡ. ಅದು ತೆಳು ರಟ್ಟು, ಬೆಂಕಿ ಬೇರೆ ಬೇಗ ಹಿಡಿಯತ್ತೆ.

ಕಾಫಿ ಕಣ:
ನಾನು ಸಿದ್ದಾಪುರ ಕಡೆಯವಳು. ಇದನ್ನ ಓದಿ ನಂಗೊಂದು ವಿಷಯ ಕೇಳ್ಬೇಕು ಅನ್ನಿಸ್ತು. ನನ್ನ ಮಗಳು ಪಿಟೀಲು ಕಲೀತಾಳೆ. ಹೋದ ವರ್ಷ ಫೆಬ್ರವರಿಲಿ ಅವಳ ಟೀಚರಿಗೆ ಒಂದು ರೆಕಾರ್ಡಿಂಗ್ ಕಳಿಸ್ಬೇಕಿತ್ತು, ಮನೇಲಿ ನೆಂಟ್ರು, ಗಲಾಟೆ, ಅದಕ್ಕೆ ಕಾಫಿ ಇಡೋ ಸ್ಟೋರಿಗೆ ಕರ್ಕೊಂಡು ಹೋಗಿ ಫೋನಲ್ಲೇ ತೆಗೆದೆ. ರೋಬಸ್ಟಾ ಒಣಗಿಸಿ ಆಗಷ್ಟೇ ತುಂಬಿಟ್ಟಿದ್ವು, ಎರಡೂ ಗೋಡೆಗೆ ನನ್ನ ಎತ್ತರಕ್ಕೆ ಗೋಣಿ ಜೋಡಿಸಿತ್ತು, ದಬ್ಬಣದಲ್ಲಿ ಹೊಲಿದ ಬಾಯಿ ಎಲ್ಲಾ ಈ ಕಡೆಗೆ. ಮಧ್ಯ ಇಷ್ಟೇ ಇಷ್ಟು ಜಾಗದಲ್ಲಿ ಒಂದು ಸ್ಟೂಲು ಹಾಕಿ ಕೂರಿಸ್ದೆ. ಟೀಚರ್ ಕೇಳಿ ಎಲ್ಲಿ ಸ್ಟುಡಿಯೋದಲ್ಲಿ ಮಾಡಿಸಿದ್ರಿ ಅಂತ ಕೇಳಿದ್ರು, ಕಮಾನು ತಿರುಗಿಸೋ ಸದ್ದು ಕೂಡ ಬೇರೆಯಾಗಿ ಕೇಳ್ತಿತ್ತು.

ಏಪ್ರಿಲಲ್ಲಿ ಇನ್ನೊಂದು ಬೇಕು ಅಂದ್ರು. ಅಷ್ಟರಲ್ಲಿ ಲಾರಿ ಬಂದು ಕಾಫಿ ಹೋಗಿತ್ತು. ಅದೇ ಸ್ಟೋರು, ಅದೇ ಸ್ಟೂಲು, ಅದೇ ಫೋನು. ಖಾಲಿ ಡಬ್ಬದೊಳಗೆ ನುಡಿಸಿದ ಹಾಗೆ ಬಂತು. ಮಗಳು ತಾನೇ ಸರಿಯಾಗಿ ನುಡಿಸಿಲ್ಲ ಅಂತ ಅತ್ತುಬಿಟ್ಳು. ಅವಳ ತಪ್ಪಲ್ಲ ಅಂತ ನಂಗೆ ಗೊತ್ತಿತ್ತು, ಯಾಕೆ ಅಂತ ಹೇಳಕ್ಕೆ ಗೊತ್ತಾಗ್ಲಿಲ್ಲ.

ಸೋಮವಾರಪೇಟೆ ಮೇಷ್ಟ್ರು:
ಅಮ್ಮಾ, ನೀವು ಮಾಡಿದ ಪ್ರಯೋಗದಿಂದ್ಲೇ ಈ ಶಾಸ್ತ್ರ ಹುಟ್ಟಿದ್ದು, ಮಗಳಿಗೆ ಇದನ್ನ ಖಂಡಿತ ಹೇಳಿ. 1895ರಲ್ಲಿ ಅಮೆರಿಕದ ಹಾರ್ವರ್ಡಲ್ಲಿ ಫಾಗ್ ಮ್ಯೂಸಿಯಮ್ಮಿನ ಹೊಸ ಲೆಕ್ಚರ್ ಹಾಲ್ ತೆರೆದ್ರು, ಅಲ್ಲಿ ಪಾಠ ಮಾಡಿದ್ರೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಒಂದು ಮಾತಾಡಿದ್ರೆ ಅದರ ಸದ್ದು ಐದೂವರೆ ಸೆಕೆಂಡ್ ಅಲ್ಲೇ ಸುತ್ತಾಡ್ತಿತ್ತು. ಅದನ್ನ ಸರಿ ಮಾಡು ಅಂತ ವಾಲೇಸ್ ಸಬೀನ್ ಅನ್ನೋ ಎಳೆ ವಯಸ್ಸಿನ ಭೌತಶಾಸ್ತ್ರದ ಮೇಷ್ಟ್ರಿಗೆ ವಹಿಸಿದ್ರು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನ ರಾತ್ರಿ ಹೊತ್ತು ತಂದು ಹಾಲಲ್ಲಿ ಹಾಸೋದು, ಆರ್ಗನ್ ಕೊಳವೆ ಊದಿಸಿ ನಿಲ್ಸೋದು, ಸದ್ದು ಕಿವಿಗೆ ಕೇಳದ ಹಾಗೆ ಆಗಕ್ಕೆ ಎಷ್ಟು ಹೊತ್ತು ಬೇಕು ಅಂತ ಬರ್ಕೊಳ್ಳೋದು, ಇನ್ನಷ್ಟು ಮೆತ್ತೆ ಹಾಕೋದು, ಮತ್ತೆ ಅಳೆಯೋದು, ಬೆಳಗಾಗೋ ಮೊದ್ಲು ಎಲ್ಲಾ ವಾಪಸ್ ಇಟ್ಟು ಬರೋದು. ಹಗಲಲ್ಲಿ ಗಲಾಟೆ ಅಂತ ರಾತ್ರಿನೇ ಕೆಲಸ. ಅವರ ಮೆತ್ತೆ, ನಿಮ್ಮ ಕಾಫಿ ಗೋಣಿ, ಎರಡೂ ಒಂದೇ. ಗೋಣಿಯ ನೂಲಿನ ಸಂದಿ, ಒಳಗೆ ಕಾಳು ಕಾಳಿನ ನಡುವೆ ಗಾಳಿ, ಅದರಲ್ಲಿ ನುಗ್ಗಿ ನುಗ್ಗಿ ಸದ್ದು ಸುಸ್ತಾಗಿ ಬಿಸಿಯಾಗಿ ಹೋಗತ್ತೆ. ಮೇಲಾಗಿ ನಿಮ್ಮದು ಒಂದೂವರೆ ಎರಡು ಅಡಿ ದಪ್ಪ, ಅದಕ್ಕೇ ಕೆಳಗಿನ ಸ್ವರಾನೂ ಬಿಟ್ಟಿಲ್ಲ.

ಸಬೀನರು ಕೊನೆಗೆ ಕಂಡ್ಕೊಂಡಿದ್ದು ಬಹಳ ಸರಳ. ರೂಮಿನ ಗಾತ್ರ ಘನ ಮೀಟರಲ್ಲಿ, ಅದನ್ನ 0.161ರಿಂದ ಗುಣಿಸಿ, ರೂಮಲ್ಲಿರೋ ಎಲ್ಲಾ ವಸ್ತು ಸೇರಿ ಎಷ್ಟು ಸದ್ದು ಹೀರತ್ತೋ ಅದರಿಂದ ಭಾಗಿಸಿ. ಬಂದ ಉತ್ತರ ಸದ್ದು 60 ಡೆಸಿಬಲ್, ಅಂದ್ರೆ ಹೆಚ್ಚುಕಮ್ಮಿ ಕಿವಿಗೆ ಕೇಳದ ಮಟ್ಟಕ್ಕೆ, ಇಳಿಯಕ್ಕೆ ಬೇಕಾದ ಸೆಕೆಂಡು.

ನಾಪೋಕ್ಲು ಹುಡುಗನ ರೂಮಿಗೆ ಹಾಕಿ ನೋಡೋಣ. 1080 ಘನ ಅಡಿ, ಅಂದ್ರೆ 30.6 ಘನ ಮೀಟರ್. ಗೋಡೆ, ನೆಲ, ಸೂರು ಸೇರಿ 59 ಚದರ ಮೀಟರ್. ಗಾರೆ, ಟೈಲ್ಸು ನೂರರಲ್ಲಿ ಎರಡು ಮೂರು ಪಾಲು ಹೀರಿದ್ರೆ ಹೆಚ್ಚು. ಲೆಕ್ಕಕ್ಕೆ 3.3 ಸೆಕೆಂಡ್ ಬರತ್ತೆ, ಬಾಗಿಲು ಕಿಟಕಿ ನಾಲ್ಕು ಜನ ಮನುಷ್ಯರು ಸೇರಿದ್ರೆ ಅದಕ್ಕಿಂತ ಕಮ್ಮಿ. ಅದೇ ರೂಮಿಗೆ ನಾಲ್ಕಿಂಚು ದಪ್ಪದ ರಾಕ್‌ವೂಲ್ ಪ್ಯಾನೆಲ್, 2 ಅಡಿ 4 ಅಡಿಯವು 11 ಇಟ್ರೆ 0.6 ಸೆಕೆಂಡಿಗೆ ಇಳಿಯತ್ತೆ. ಪುಟ್ಟ ರೂಮಲ್ಲಿ ಕೆಳಗಿನ ಸ್ವರಕ್ಕೆ ಈ ಸೂತ್ರ ಸರಿಯಾಗಿ ಕೂರಲ್ಲ, ಆದ್ರೂ ದಾರಿ ತಿಳಿಯತ್ತೆ.

ಕಾಫಿ ಕಣ:
ಮೇಷ್ಟ್ರೇ, ಮಗಳಿಗೆ ಓದಿ ಹೇಳ್ದೆ. ಮುಂದಿನ ಫೆಬ್ರವರಿ ತನಕ ಕಾಯ್ತೀನಿ ಅಂದ್ಳು.

ಭಾಗಮಂಡಲ ಕಡೆಯವ:
ನಮ್ಮನೆ ಮೇಲೆ ಶೀಟ್. ಜೂನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಮಾತಾಡಿದ್ದೇ ಕೇಳಲ್ಲ, ಇನ್ನು ರೆಕಾರ್ಡಿಂಗ್ ಎಲ್ಲಿಂದ. ಶೀಟ್ ಕೆಳಗೆ ಫೋಮ್ ಅಂಟಿಸಿದ್ರೆ ಮಳೆ ಸದ್ದು ನಿಲ್ಲತ್ತಾ ಅಣ್ಣ?

ಹಳೇ ಕ್ಯಾಸೆಟ್:
ನಿಲ್ಲಲ್ಲ. ಮಳೆ ಹನಿ ಶೀಟನ್ನೇ ದುಡಿ ಥರ ಬಡೀತದೆ, ಆ ಶೀಟೇ ಅಲ್ಲಾಡಿ ಸದ್ದು ಮಾಡೋದು. ಅದನ್ನ ತಡೆಯಕ್ಕೆ ಬೇಕಾಗಿರೋದು ಭಾರ, ಸಂದಿಲ್ಲದ ಹಾಗೆ ಮುಚ್ಚೋದು, ಮತ್ತೆ ಒಂದಕ್ಕೊಂದು ತಾಗದ ಎರಡು ಪದರ. ಶೀಟ್ ಕೆಳಗೆ ಗಾಳಿ ಬಿಟ್ಟು, ರಾಕ್‌ವೂಲ್ ಹಾಸಿ, ಅದರ ಕೆಳಗೆ ಎರಡು ಪದರ ಜಿಪ್ಸಮ್ ಬೋರ್ಡಿನ ಸೀಲಿಂಗ್ ಮಾಡಿದ್ರೆ ತುಂಬಾ ವ್ಯತ್ಯಾಸ ಆಗತ್ತೆ, ಖರ್ಚೂ ಅಷ್ಟೇ ಆಗತ್ತೆ. ಬರೀ ಭಾರ ನಂಬ್ಕೊಂಡ್ರೆ ಗೋಡೆ ತೂಕ ಎರಡರಷ್ಟು ಮಾಡಿದಾಗ ಸಿಗೋದು 5-6 ಡೆಸಿಬಲ್ ಅಷ್ಟೇ. ಇನ್ನು ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಬಿಟ್ರೆ ಮೇಲೆ ಮಾಡಿದ್ದೆಲ್ಲಾ ಅದರಲ್ಲೇ ಸೋರಿ ಹೋಗತ್ತೆ, ನೀರು ಹೇಗೋ ಸದ್ದೂ ಹಾಗೇ. ನಮ್ಮ ಜಿಲ್ಲೆಲಿ ಒಳ್ಳೆ ರೆಕಾರ್ಡಿಂಗ್ ಬೇಕು ಅಂದ್ರೆ ಅಕ್ಟೋಬರ್ ಕಳೆದು ಮೇ ಒಳಗೆ ಮಾಡ್ಕೊಳ್ಳಿ, ನಾನು ಹಾಗೇ ಕೆಲಸ ಒಪ್ಕೊಳ್ಳೋದು.

ನಾಪೋಕ್ಲು ಹುಡುಗ:
ಮೇಷ್ಟ್ರೇ, ಅಣ್ಣ, ತುಂಬಾ ಉಪಕಾರ. ಹಂಗಾದ್ರೆ 11 ಪ್ಯಾನೆಲ್ ಮಾಡಿಸ್ತೀನಿ, ಬಡಗಿ ನಮ್ಮ ಪಕ್ಕದವರೇ. ಅಜ್ಜನ್ನ ಮೇಲೆ ಹತ್ತಿಸೋದು ಒಂದೇ ಕಷ್ಟ, ಮಂಡಿ ನೋವು.

ಮಡಿಕೇರಿ ಮಂಜಿನವಳು:
ನಾನು ನಡುವೆ ಬಾಯಿ ಹಾಕ್ತಿದೀನಿ, ತಪ್ಪು ತಿಳೀಬೇಡಿ. 81 ವರ್ಷದವರನ್ನ ಮಂಡಿ ನೋವಲ್ಲಿ ಮೆಟ್ಲು ಹತ್ಸಿ, ನಾಲ್ಕು ಕಡೆ ಬಟ್ಟೆ ಹೊದಿಸಿದ ರೂಮಲ್ಲಿ ಕೂರ್ಸಿ, ಮೂಗಿನ ಮುಂದೆ ಮೈಕಿಟ್ಟು ಈಗ ಹೇಳಿ ಅಜ್ಜ ಅಂದ್ರೆ ಪಾಟ್ ಬರತ್ತಾ?

ನಾನು ಭಜನೆ, ಜಾನಪದ ಹಾಡ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ತಂಡನ ಒಂದು ದೊಡ್ಡ ಊರಿನ ಸ್ಟುಡಿಯೋಗೆ ಕರೆದಿದ್ರು. ಒಬ್ಬೊಬ್ಬರನ್ನೇ ಗಾಜಿನ ಗೂಡೊಳಗೆ ಕಳ್ಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಅನ್ನೋ ತಾಳಕ್ಕೆ ಹಾಡ್ಸಿದ್ರು. ನನ್ನ ಧ್ವನಿ ನಂಗೇ ಕೇಳ್ತಾ ಇರ್ಲಿಲ್ಲ, ಗಾಳಿಲಿ ಹೋಗಿ ಎಲ್ಲೂ ತಾಗ್ತಾನೇ ಇಲ್ಲ ಅನ್ನಿಸಿ ಗಂಟಲು ಬಿಗಿದು ಜೋರಾಗಿ ಕೂಗೋಕೆ ಶುರು ಮಾಡ್ದೆ. ಹಿರಿಯಕ್ಕ ಒಬ್ರು ಒಳಗೆ ಹೋಗಿ ಅರ್ಧಕ್ಕೇ ಬಂದ್ಬಿಟ್ರು. ಕೊನೆಗೆ ಬಂದಿದ್ದು ಕ್ಲೀನಾಗೇ ಇತ್ತು, ಒಬ್ಬರ ಹಾಡಿಗೆ ಇನ್ನೊಬ್ಬರು ಸೇರ್ಕೊಳ್ಳೋ ಆ ಗಳಿಗೆ ಮಾತ್ರ ಎಲ್ಲೂ ಇರ್ಲಿಲ್ಲ.

ದುಡಿಕೊಟ್ಟ್ ಪಾಟಲ್ಲಿ ಇಬ್ಬರು ಒಂದು ಸಾಲು ಹೇಳ್ತಾರೆ, ಇನ್ನಿಬ್ಬರು ಅದನ್ನೇ ಹಿಡಿದು ಹೇಳ್ತಾರೆ. ಮೊದಲ ಜೋಡಿಯ ಕೊನೇ ಅಕ್ಷರ ಇನ್ನೂ ಎಳೀತಾ ಇರುವಾಗ್ಲೇ ಎರಡನೇ ಜೋಡಿ ಶುರು ಮಾಡಿರತ್ತೆ, ಒಬ್ಬರ ಮುಖ ಒಬ್ಬರು ನೋಡ್ತಾ. ಅದಕ್ಕೆ ಒಂದು ಮನೆ ಬೇಕು. ನಿಮ್ಮ ಐನ್‌ಮನೆ, ಕುಟುಂಬದ ಹಳೇ ಮೂಲ ಮನೆ, ಇನ್ನೂ ಇದ್ಯಾ? ನೆಲ್ಲಕ್ಕಿ ನಡುಬಾಡೆಲಿ, ಅದೇ ದೀಪ ಇಡೋ ನಡುಮನೇಲಿ, ಕೂರ್ಸಿ. ಅಜ್ಜ ಜೀವಮಾನ ಎಲ್ಲಾ ಹಾಡಿದ ಜಾಗ, ಎಷ್ಟು ಜೋರು ಹೇಳ್ಬೇಕು, ಎಲ್ಲಿ ಎಳೀಬೇಕು ಅಂತ ಅವರ ಗಂಟಲಿಗೇ ಗೊತ್ತಿರತ್ತೆ.

ವಿರಾಜಪೇಟೆ ಕೀಬೋರ್ಡ್:
ಅಕ್ಕ, ಆದ್ರೆ ಎಕೋ ಬಂದ್ರೆ ಆಮೇಲೆ ತೆಗೆಯಕ್ಕಾಗಲ್ಲ. ಡ್ರೈ ಆಗಿ, ಎಕೋ ಇಲ್ಲದೆ ತಗೊಂಡು ಆಮೇಲೆ ಸಾಫ್ಟ್‌ವೇರಲ್ಲಿ ರಿವರ್ಬ್ ಅಂದ್ರೆ ರೂಮಿನ ಗುಂಗು ಸೇರಿಸೋದು ಸೇಫ್ ಅಲ್ವಾ.

ಹಳೇ ಕ್ಯಾಸೆಟ್:
ಒಬ್ಬರ ಹಾಡಿಗೆ, ಕೀಬೋರ್ಡ್ ಟ್ರ್ಯಾಕಿನ ಮೇಲೆ ಹಾಡಿಸೋಕೆ ನಿನ್ನ ಮಾತು ಸರಿ. ಇಲ್ಲಿ ಅಕ್ಕ ಹೇಳಿದ್ದೇ ಸರಿ, ನಾನು ಅಳತೆ ಹಿಡ್ಕೊಂಡು ಹೊರಟೆ, ಯಾರು ಹಾಡ್ತಾರೆ ಅನ್ನೋದನ್ನ ಮೊದಲು ಕೇಳ್ಬೇಕಿತ್ತು. ಐನ್‌ಮನೆ ಬಚ್ಚಲಮನೆ ಥರ ಅಲ್ಲ. ಮರದ ಕಂಬ, ಕೆತ್ತನೆ ಬಾಗಿಲು, ಮರದ ಮಾಡು, ಒಂದೊಂದು ಕಡೆ ಒಂದೊಂದು ಎತ್ತರ, ಸದ್ದು ಒಂದೇ ಕಡೆಯಿಂದ ಗುದ್ದಿ ವಾಪಸ್ ಬರೋ ಬದಲು ಚೂರು ಚೂರಾಗಿ ಹರಡ್ಕೊಂಡು ಬರತ್ತೆ. ಅದನ್ನೇ ದೊಡ್ಡ ಸ್ಟುಡಿಯೋದವರು ದುಡ್ಡು ಕೊಟ್ಟು ಗೋಡೆಗೆ ಮರದ ತುಂಡು ಜೋಡಿಸಿ ಮಾಡಿಸೋದು.

ತಮ್ಮಾ, ಪ್ಯಾನೆಲ್ ಬಿಡು. ಎರಡು ಸಣ್ಣ ಕಂಡೆನ್ಸರ್ ಮೈಕ್, ಮೈಕನ್ನ ಲ್ಯಾಪ್‌ಟಾಪಿಗೆ ಸೇರಿಸೋ ಎರಡು ಇನ್‌ಪುಟ್ ಇರೋ ಇಂಟರ್‌ಫೇಸ್, ಅಲ್ಲಾಡದ ಒಂದು ಸ್ಟ್ಯಾಂಡ್ ತಗೋ. ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರೆ ಮೈಕಿನ ವೈರಲ್ಲೇ ಹೋಗೋ ಕರೆಂಟು, ಬೇಕು, ಇಂಟರ್‌ಫೇಸಲ್ಲಿ ಆ ಬಟನ್ ಇದ್ಯಾ ನೋಡ್ಕೋ. ರೆಕಾರ್ಡ್ ಮಾಡಕ್ಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗತ್ತೆ, ಸಾಕು.

ಮೈಕ್ ಇಡೋ ಕೆಲಸಕ್ಕೆ ಅರ್ಧ ದಿನ ಇಟ್ಕೋ, ಇಲ್ಲೇ ಎಲ್ಲಾ ಇರೋದು. ನಾಲ್ಕು ಜನ ಅರ್ಧಚಂದ್ರದ ಹಾಗೆ ಕೂರಲಿ, ಅಜ್ಜನ ಜೋಡಿ ಎಡಕ್ಕೆ, ಇನ್ನೊಂದು ಜೋಡಿ ಬಲಕ್ಕೆ, ಒಬ್ಬರಿಗೊಬ್ಬರು ಮುಖ ಕಾಣ್ಬೇಕು. ಎರಡು ಮೈಕನ್ನ ಒಂದೇ ಸ್ಟ್ಯಾಂಡಿಗೆ ಕಟ್ಟಿ, ಮೈಕಿನ ತಲೆ ತಲೆ ನಡುವೆ 17 ಸೆಂಟಿಮೀಟರ್, ಬಾಯಿ ಹೊರಕ್ಕೆ ತಿರುಗಿ ಎರಡರ ನಡುವೆ 110 ಡಿಗ್ರಿ ಇರಲಿ. ಫ್ರಾನ್ಸಿನ ರೇಡಿಯೋದವರು ಕಂಡ್ಹಿಡಿದ ಪದ್ಧತಿ, ಒಆರ್‌ಟಿಎಫ್ ಅಂತಾರೆ, ನಮ್ಮ ಎರಡು ಕಿವಿ ನಡುವಿನ ದೂರದ ಹಾಗೇ ಇರತ್ತೆ. ಹಾಗಿಟ್ರೆ ಆಮೇಲೆ ಹೆಡ್‌ಫೋನಲ್ಲಿ ಕೇಳೋವಾಗ ಎಡಕ್ಕೆ ಒಂದು ಸಾಲು, ಬಲಕ್ಕೆ ಅದರ ಉತ್ತರ, ಎದುರಿಗೇ ಕೂತ ಹಾಗೆ ಬರತ್ತೆ.

ಎಷ್ಟು ದೂರ ಅಂತ ಯಾರೂ ಬರೆದು ಕೊಡಕ್ಕಾಗಲ್ಲ. ಅವರು ಸುಮ್ನೆ ಹೇಳ್ತಾ ಇರಲಿ, ನೀನು ಒಂದು ಕಿವಿ ಮುಚ್ಕೊಂಡು ಹತ್ರದಿಂದ ಹಿಂದಕ್ಕೆ ನಿಧಾನ ನಡಿ. ಒಂದು ಕಡೆ ಪದಾನೂ ಸ್ಪಷ್ಟ, ಮನೆಯ ಗಾಳಿನೂ ಇದೆ ಅನ್ನಿಸತ್ತೆ, ಇನ್ನೊಂದು ಹೆಜ್ಜೆ ಹಿಂದೆ ಹೋದ್ರೆ ಪದ ಕರಗತ್ತೆ. ಅಲ್ಲೇ ಸ್ಟ್ಯಾಂಡ್ ನಿಲ್ಸು, ಮೈಕಿಗೆ ನಮ್ಮ ಕಿವಿಗಿಂತ ಎಕೋ ಜಾಸ್ತಿ ಕೇಳೋದ್ರಿಂದ ಅರ್ಧ ಹೆಜ್ಜೆ ಮುಂದೆ. ಇನ್ನು ದುಡಿ ಎದೆ ಮಟ್ಟದಲ್ಲಿರತ್ತೆ, ಬಾಯಿ ಅದಕ್ಕಿಂತ ಮೇಲೆ. ಮೈಕನ್ನ ಅವರ ತಲೆಗಿಂತ ಒಂದಡಿ ಮೇಲಿಟ್ಟು ಬಾಯಿ ಕಡೆ ಬಗ್ಗಿಸು, ದುಡಿ ಏಟು ಓರೆಯಾಗಿ ಬೀಳತ್ತೆ, ಚುಚ್ಚಲ್ಲ. ಮೈಕ್ ಹಿಂದುಗಡೆ ಬರೀ ಗೋಡೆ ಇದ್ರೆ ಅಲ್ಲಿ ಎರಡು ಕಂಬಳಿನ ಗೋಡೆಯಿಂದ ಅರ್ಧ ಅಡಿ ಬಿಟ್ಟು ನೇತು ಹಾಕು. ನೆಲಕ್ಕೆ ಚಾಪೆ ಮೇಲೆ ದಪ್ಪ ಜಮಖಾನ.

ಲೆವೆಲ್ ಬಗ್ಗೆ: ಟೇಪಿನ ಕಾಲದಲ್ಲಿ ಸುಯ್ ಅನ್ನೋ ಸದ್ದು ಮುಳುಗಿಸ್ಬೇಕು ಅಂತ ನಾವು ಮುಳ್ಳನ್ನ ಕೆಂಪಿನ ತನಕ ಓಡಿಸ್ತಿದ್ವಿ. ಈಗ ಅದು ಬೇಡ. ಸಾಫ್ಟ್‌ವೇರಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಎಲ್ಲರೂ ಅತಿ ಜೋರು ಹೇಳಿ ದುಡಿ ಬಾರಿಸಿದಾಗ ಮೀಟರು ಮೈನಸ್ 12 ಡೆಸಿಬಲ್ ದಾಟದ ಹಾಗೆ ಬಿಡು. ಕಮ್ಮಿ ಬಂದಿದ್ದನ್ನ ಆಮೇಲೆ ಏರಿಸ್ಬಹುದು, ಒಡೆದು ಬಂದಿದ್ದನ್ನ ದೇವರೂ ಜೋಡಿಸಲ್ಲ.

ಪೊನ್ನಂಪೇಟೆ ಕೊಂಬು:
ಅಣ್ಣ ಹಾಗೇ ನಮ್ಮ ಕೊಂಬು ಕೊಟ್ಟು ವಾಲಗದ ವಾದ್ಯಮೇಳಕ್ಕೂ ಒಂದು ಮಾತು ಹೇಳಿ. ಮೈಕ್ ಎದುರಿಗೆ ಊದಿದ್ರೆ ಬರೀ ಗರ್ ಅನ್ನತ್ತೆ.

ಹಳೇ ಕ್ಯಾಸೆಟ್:
ಅದನ್ನ ಒಳಗೆ ಮಾಡ್ಲೇ ಬೇಡ, ಅದು ಬಯಲಿನ ವಾದ್ಯ. ಮಂದ್ ಅಂದ್ರೆ ಊರ ಬಯಲಲ್ಲೋ ಅಂಗಳದಲ್ಲೋ ಮಾಡಿ, ಕೊಂಬಿನ ಬಾಯಿಗೆ ನೇರ ಇಡದೆ ಪಕ್ಕಕ್ಕೆ 10-12 ಅಡಿ ದೂರ. ಗಾಳಿಗೆ ಮೈಕಿನ ಮೇಲೆ ತುಪ್ಪಳದ ಕವರ್ ಬೇಕೇ ಬೇಕು. ಎರಡು ವಾದ್ಯಕ್ಕೆ ಎರಡು ಮೈಕ್ ಬೇರೆ ಬೇರೆ ಇಡೋದಾದ್ರೆ ವಾದ್ಯದಿಂದ ಮೈಕಿಗೆ ಎಷ್ಟು ದೂರ ಇದ್ಯೋ, ಮೈಕಿಂದ ಮೈಕಿಗೆ ಅದರ ಮೂರು ಪಟ್ಟು ಇರಲಿ, ಇಲ್ದಿದ್ರೆ ಒಂದರ ಸದ್ದು ಇನ್ನೊಂದರಲ್ಲಿ ತಡವಾಗಿ ಸೇರಿ ಕೊಳವೆಯೊಳಗಿಂದ ಬಂದ ಹಾಗಾಗತ್ತೆ.

ಕಾಫಿ ಕಣ:
ಹುಡುಗನಿಗೆ ಒಂದು ಮಾತು, ಮೈಕ್ ತಗೊಂಡ ಮೇಲೆ ಮಳೆಗಾಲಕ್ಕೆ ಹುಷಾರು. ನಮ್ಮಲ್ಲಿ ಬೆಲ್ಟು ಚಪ್ಪಲಿಗೇ ಬೂಷ್ಟು ಬರತ್ತೆ. ನನ್ನ ಮಗಳ ಮೈಕು ಒಂದು ಜುಲೈ ಕಳೆಯೋದ್ರಲ್ಲಿ ಚಟಪಟ ಅನ್ನಕ್ಕೆ ಶುರುವಾಯ್ತು. ಈಗ ರಬ್ಬರ್ ಮುಚ್ಚಳದ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡ್ತೀನಿ, ಪೊಟ್ಟಣದ ಬಣ್ಣ ತಿರುಗಿದ್ರೆ ಬಾಣಲೆಲಿ ಬೆಚ್ಚಗೆ ಮಾಡಿ ಮತ್ತೆ ಹಾಕೋದು.

ಸೋಮವಾರಪೇಟೆ ಮೇಷ್ಟ್ರು:
ಕರೆಂಟಿಂದು ನಾನು ಹೇಳ್ತೀನಿ. ಕೆಲವು ಹಳೇ ಇನ್ವರ್ಟರಿನಿಂದ ಬರೋ ಕರೆಂಟು ಸರಿಯಾದ ಅಲೆ ಅಲ್ಲ, ಮೆಟ್ಲು ಮೆಟ್ಲಾಗಿರತ್ತೆ, ಅದಕ್ಕೆ ಜುಂಯ್ ಅನ್ನೋದು. ಮಾಮೂಲಿ ಲೈನಲ್ಲೂ ಅರ್ಥಿಂಗ್ ಸರಿ ಇಲ್ದಿದ್ರೆ 50 ಹರ್ಟ್ಸ್ ಹಮ್ ಸೇರ್ಕೊಳ್ಳತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಲೇ ನಡೆಸಿ. ನಿಜ ಹೇಳ್ಬೇಕು ಅಂದ್ರೆ ಕರೆಂಟು ಹೋದ ಸಂಜೆನೇ ಒಳ್ಳೆದು, ಫ್ರಿಜ್ಜು, ಪಂಪ್‌ಸೆಟ್ಟು, ಪಕ್ಕದ ಮನೆ ಟಿವಿ ಎಲ್ಲಾ ಒಟ್ಟಿಗೆ ಸುಮ್ಮನಾಗ್ತವೆ.

ನಾಪೋಕ್ಲು ಹುಡುಗ:
ಎರಡು ವಾರ ಆಯ್ತು, ಬರೆಯಕ್ಕೆ ಆಗಿರ್ಲಿಲ್ಲ, ಕಾಫಿ ಹೂ ಅರಳಿಸೋ ಹೂಮಳೆ ಬಂದು ತೋಟದಲ್ಲಿ ಕೆಲಸ. ನಿನ್ನೆ ಐನ್‌ಮನೇಲಿ ಮಾಡಿದ್ವಿ. ಎಲ್ಲಾ ಬರೀತೀನಿ.

ಬೆಳಿಗ್ಗೆ ಹೋಗಿ ಮೊದಲು ಸುಮ್ನೆ ನಡುಬಾಡೇಲಿ ಕೂತು ಕಿವಿಕೊಟ್ಟೆ. ಗೋಡೆ ಗಡಿಯಾರ ಇಷ್ಟು ಜೋರು ಅಂತ ನಂಗೆ ಈ ತನಕ ಗೊತ್ತೇ ಇರ್ಲಿಲ್ಲ, ಸೆಲ್ ತೆಗೆದೆ. ಕ್ಯಾಲೆಂಡರ್ ಗಾಳಿಗೆ ಪಟಪಟ ಅಂತಿತ್ತು, ಸುತ್ತಿಟ್ಟೆ. ಫ್ರಿಜ್ ಆಫ್ ಮಾಡಿ, ಮರೀಬಾರ್ದು ಅಂತ ಕಾರಿನ ಕೀ ಅದರೊಳಗೇ ಇಟ್ಟೆ. ಫೋನೆಲ್ಲಾ ಏರೋಪ್ಲೇನ್ ಮೋಡಿಗೆ ಹಾಕಿ ಕೈಯಾಲೆ ಅಂದ್ರೆ ಜಗಲಿಲಿ ಒಂದು ಬುಟ್ಟಿಲಿ. ಕಂಬಳಿ ಎರಡೇ ಸಿಕ್ತು, ಮಿಕ್ಕ ಗೋಡೆಗೆ ಖಾಲಿ ಗೋಣಿಗಳನ್ನ ನಾಲ್ಕು ಪದರ ಮಡಿಸಿ ಹಗ್ಗದ ಮೇಲೆ ಹಾಕ್ದೆ.

ಸಂಜೆ ನಾಲ್ಕೂ ಜನ ಬಂದ್ರು. ಅಜ್ಜ ಬಿಳಿ ಕುಪ್ಯ, ನಮ್ಮ ಉದ್ದ ಅಂಗಿ, ಹಾಕ್ಕೊಂಡು ಬಂದಿದ್ರು, ನಾನು ಬೇಡ ಅಂದಿದ್ದೆ, ದೀಪದ ಮುಂದೆ ಹೇಳೋದಲ್ವಾ ಅಂದ್ರು. ದುಡಿ ಚರ್ಮ ತಂಪಿಗೆ ಸಡಿಲ ಆಗಿತ್ತು, ಚಿಕ್ಕಜ್ಜ ಒಲೆ ಹತ್ರ ಕೂತು ನಾಲ್ಕನ್ನೂ ತಿರುಗ್ಸಿ ತಿರುಗ್ಸಿ ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿ ಹತ್ರ ಹಿಡಿದು, ಮತ್ತೆ ಕಾಯಿಸಿ, ಅರ್ಧ ಗಂಟೆ. ಅಷ್ಟರಲ್ಲಿ ನಾನು ಒಂದು ಕಿವಿ ಮುಚ್ಕೊಂಡು ಹಿಂದೆ ಮುಂದೆ ನಡೆದೆ. ಅಣ್ಣ ಹೇಳಿದ ಹಾಗೇ ಆಯ್ತು. ಆರು ಹೆಜ್ಜೆಗೆ ಮಾತು ಕರಗ್ತು, ಐದಕ್ಕೆ ಸರಿ ಇತ್ತು, ಸ್ಟ್ಯಾಂಡನ್ನ ನಾಲ್ಕೂವರೆಗೆ ನಿಲ್ಸಿದೆ.

ಮೊದಲ ಸಲ ಹಾಳಾಯ್ತು. ಪರೀಕ್ಷೆಗೆ ಅಂತ ಹೇಳಿಸಿದಾಗ ಅವರು ಮೆಲ್ಲಗೆ ಹೇಳಿದ್ರು, ನಾನು ಲೆವೆಲ್ ಅದಕ್ಕೆ ಇಟ್ಟೆ, ನಿಜವಾಗ್ಲೂ ಶುರು ಮಾಡಿ ಬಾಳೋ ಬಾಳೋ ಅಂತ ಪಾಟ್ ಎತ್ತಿದಾಗ ಮೀಟರು ಕೆಂಪಾಗಿ ದುಡಿ ಎಲ್ಲಾ ಒಡೆದು ಬಂತು. ನಿಲ್ಲಿಸ್ಬೇಕಾಯ್ತು. ಅಜ್ಜ ಏನೂ ಅನ್ನಲಿಲ್ಲ, ನೀರು ಕುಡಿದ್ರು. ಎರಡನೇ ಸಲ ಲೆವೆಲ್ ಇಳಿಸಿ, ಶುರುವಲ್ಲಿ ನಾನೇ ತಾರೀಕು, ಮನೆ ಹೆಸರು, ನಾಲ್ಕೂ ಜನರ ಹೆಸರು ಹೇಳಿ, ಎಲ್ರನ್ನೂ ಅರ್ಧ ನಿಮಿಷ ಸುಮ್ನೆ ಕೂರ್ಸಿ ಆ ಮೌನನೂ ರೆಕಾರ್ಡ್ ಮಾಡ್ಕೊಂಡೆ. ಆಮೇಲೆ 40 ನಿಮಿಷ ಒಂದೇ ಉಸಿರಲ್ಲಿ ಅನ್ನೋ ಹಾಗೆ ಹೇಳಿದ್ರು. ಅಜ್ಜಂಗೆ ಒಂದು ಕಡೆ ಉಸಿರು ಸಿಕ್ಕಲಿಲ್ಲ, ಚಿಕ್ಕಜ್ಜ ಹಿಡ್ಕೊಂಡ್ರು. ಅದು ಹಾಗೇ ಇದೆ, ನಾನು ಕತ್ತರಿಸಲ್ಲ.

ಮಂಜಿನವಳು ಅಕ್ಕ, ಎಡಕ್ಕೆ ಅಜ್ಜನ ಕೊನೇ ಅಕ್ಷರ ಎಳೀತಾ ಇರುವಾಗ ಬಲಕ್ಕೆ ಇನ್ನೊಂದು ಜೋಡಿ ಶುರುವಾಗೋದು ಕೇಳತ್ತೆ. ರಾತ್ರಿ ಮೂರು ಸಲ ಕೇಳ್ದೆ.

ಮಡಿಕೇರಿ ಮಂಜಿನವಳು:
ಓದ್ತಾ ಕಣ್ಣು ತುಂಬಿ ಬಂತು ಮಗಾ. ಅಜ್ಜಂಗೆ ಕೇಳಿಸಿದ್ಯಾ?

ಹಳೇ ಕ್ಯಾಸೆಟ್:
ಒರಿಜಿನಲ್ ವೇವ್ ಫೈಲನ್ನ ಮುಟ್ಬೇಡ, ಕಾಪಿ ಮಾಡ್ಕೊಂಡು ಅದರಲ್ಲಿ ಕೆಲಸ ಮಾಡು. ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನ ಬೇರೆ ಮನೇಲಿಡು. 80 ಹರ್ಟ್ಸ್ ಕೆಳಗೆ ಕತ್ತರಿಸಿದ್ರೆ ದೂರದ ಜೀಪಿನ ಗುಡುಗು ಹೋಗತ್ತೆ. ನಾಯ್ಸ್ ರಿಡಕ್ಷನ್ ಚೂರೇ ಚೂರು ಹಾಕು, ಜಾಸ್ತಿ ಹಾಕಿದ್ರೆ ಧ್ವನಿ ನೀರೊಳಗಿಂದ ಬಂದ ಹಾಗಾಗತ್ತೆ. ಸಂಜೆ ಜೀರುಂಡೆ ಕೇಳಿದ್ರೆ ಕೇಳಲಿ.

ನಾಪೋಕ್ಲು ಹುಡುಗ:
ಇವತ್ತು ಮಧ್ಯಾಹ್ನ ಕೇಳಿಸ್ದೆ ಅಕ್ಕ. ಜಗಲಿಯ ಐಮರದ ಹಲಗೆ ಮೇಲೆ ಕೂತು ಹೆಡ್‌ಫೋನ್ ಎರಡೂ ಕೈಲಿ ಒತ್ಕೊಂಡು ಪೂರ್ತಿ 40 ನಿಮಿಷ ಕಣ್ಣು ಮುಚ್ಚಿ ಕೇಳಿದ್ರು. ಆಮೇಲೆ ತೆಗೆದು, ನನ್ನ ಬಲಗಡೆ ಕೂತವನ ದುಡಿ ಕಾದಿದ್ದು ಸಾಲದು, ಎಂಟನೇ ಸಾಲಿಂದ ಸಡಿಲ ಆಗಿದೆ, ಭಾನುವಾರ ಎಲ್ರನ್ನೂ ಮತ್ತೆ ಕರಿ ಅಂದ್ರು. ಅದು ನಂಗೆ ಮೂರು ಸಲ ಕೇಳಿದ್ರೂ ಗೊತ್ತಾಗಿರ್ಲಿಲ್ಲ. ಕಾಫಿ ಕಣ ಅಕ್ಕ, ನಿಮ್ಮತ್ರ ಹಳೇ ಗೋಣಿ ಒಂದು ಇಪ್ಪತ್ತು ಸಿಗ್ಬಹುದಾ? ಶನಿವಾರ ಜೀಪ್ ತಗೊಂಡು ಸಿದ್ದಾಪುರಕ್ಕೆ ಬರ್ತೀನಿ.

ಕಾಫಿ ಕಣ:
ಬಾ ಮಗಾ, 30 ಕಟ್ಟಿಟ್ಟಿರ್ತೀನಿ. ಊಟಕ್ಕೆ ಇಲ್ಲೇ ಇರು. ಮಗಳಿಗೂ ಆ ರೆಕಾರ್ಡಿಂಗ್ ಕೇಳ್ಬೇಕಂತೆ, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಬಾ.